ದೊಡ್ಡತ್ತಿಗೆಗೆ ಬಿನ್ನವತ್ತಳೆ

ಮಾನ್ಯ ಸಭಾಧ್ಯಕ್ಷರೂ ಈ ಮನೆಯ ಯಜಮಾನರೂ ಆದ ನಮ್ಮ ಅಣ್ಣನವರೇ, ವೇದಿಕೆಯ ಮೇಲೆ, ಅಂದರೆ ದಿವಾನ್ ಕಾಟಿನ ಮೇಲೆ, ಕಾಲು ಚಾಚಿ ಆಸೀನರಾಗಿರುವ ಅಮ್ಮನವರೇ, ಏಪ್ರಿಲ್ ಎರಡನೆಯ ವಾರ ಚೀಲ ಇಳಿಸಿ ಮೇ ಕೊನೆಯ ವಾರದವರೆಗೂ ಅದನ್ನು ಎತ್ತುವ ಮಾತಾಡದ ನನ್ನ ಅಕ್ಕ, ತಂಗಿ, ಭಾವಂದಿರೇ, ನಾಳಿದ್ದು ಶಾಲೆ ಎಂದು ಮುಖ ಊದಿಸಿಕೊಂಡಿರುವ ಮಕ್ಕಳೇ, ಹಾಗೂ ಇಂದಿನ ಅಭಿನಂದಿತರೂ ಈ ಕ್ಷಣದಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರೂ ಆದ ದೊಡ್ಡತ್ತಿಗೆಯವರೇ,

ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಇಲ್ಲದ ಸನ್ಮಾನ ನಮ್ಮ ನಾಡಿನಲ್ಲಿ ಸನ್ಮಾನವೇ ಅಲ್ಲ. ಪೇಟ ಅಣ್ಣನ ಮದುವೆಯದು, ಅಟ್ಟದಿಂದ ಇಳಿಸಿದ್ದೇವೆ. ಶಾಲು ಯಾರೋ ಅಣ್ಣನಿಗೆ ಹೊದಿಸಿದ್ದು. ಬುಟ್ಟಿಯಲ್ಲಿರುವ ಸೇಬು ಎದುರು ಮನೆಯವರದು. ಫೋಟೊ ಆದ ಕೂಡಲೇ ವಾಪಸ್ ಹೋಗಬೇಕು, ಮಕ್ಕಳು ದಯವಿಟ್ಟು ಕೈ ಹಚ್ಚಬಾರದು. ಇದನ್ನು ಯಾರೂ ಜಿಪುಣತನ ಎನ್ನಬೇಡಿ. ಅಭಿನಂದಿತರ ಆದರ್ಶವನ್ನು ಅವರ ಸನ್ಮಾನದಲ್ಲೇ ಪಾಲಿಸಿದ್ದೇವೆ.

ಅತ್ತಿಗೆಯವರ ಸಾಧನೆ ತಿಳಿಯಬೇಕಾದರೆ ಅವರ ಮೇಲೆ ಬಿದ್ದ ಹೊರೆ ಮೊದಲು ತಿಳಿಯಬೇಕು. ಅಣ್ಣನ ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯವರು. ಶಾಲೆ ನಡೆಯುವಾಗ ಅವರ ಮಧ್ಯಾಹ್ನದ ಊಟ ಅಕ್ಷರ ದಾಸೋಹದ ಲೆಕ್ಕಕ್ಕೆ. ಹಾಲು ಕ್ಷೀರಭಾಗ್ಯದ್ದು, 2013 ರಿಂದ ನಡೆದು ಬಂದಿದೆ. 2024 ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ರಜೆ ಬಂದ ದಿನ ಈ ಇಡೀ ಇಲಾಖೆ ಅತ್ತಿಗೆಯ ಅಡುಗೆಮನೆಗೆ ವರ್ಗವಾಗುತ್ತದೆ. ಅನುದಾನ ಮಾತ್ರ ಹಿಂದೆಯೇ ಉಳಿಯುತ್ತದೆ. 2024 ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟರು. ನೆಂಟರ ಹಾವಳಿಯನ್ನು ಬರವೆಂದು ಘೋಷಿಸಲು ಕಾಯಿದೆಯಲ್ಲಿ ಇನ್ನೂ ಅವಕಾಶವಿಲ್ಲ.

ನೆಂಟರು ಎಂದೆನಲ್ಲ. 2023 ರ ಜೂನ್ 11 ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದರ ಸಾಮಾಜಿಕ ಫಲಗಳನ್ನು ಪಂಡಿತರು ಬರೆಯುತ್ತಾರೆ. ನಮ್ಮ ಮನೆತನದ ಮಟ್ಟಿಗೆ ಹೇಳುವುದಾದರೆ, ಮೊದಲು ಒಂದು ವಾರ ಇದ್ದು ಹೋಗುತ್ತಿದ್ದ ನಾದಿನಿಯರು ಈಗ ನಡುವೆ ಒಮ್ಮೆ ಊರಿಗೆ ಹೋಗಿ, ಗಿಡಕ್ಕೆ ನೀರು ಹಾಕಿ, ಮತ್ತೆ ಬರುತ್ತಾರೆ. ಅದೇ ವರ್ಷ ಆಗಸ್ಟ್ 30 ರಂದು ಇದೇ ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು, ತಿಂಗಳಿಗೆ ಎರಡು ಸಾವಿರ. ಒಂದು ಯೋಜನೆ ಅತ್ತಿಗೆಯ ಖಾತೆಗೆ ದುಡ್ಡು ಹಾಕಿತು. ಇನ್ನೊಂದು ಆ ದುಡ್ಡನ್ನು ಕರಗಿಸುವವರನ್ನು ಬಸ್ಸು ಹತ್ತಿಸಿ ಕಳಿಸಿತು. ರೇಷನ್ ಕಾರ್ಡಿನಲ್ಲಿ ತಲೆ ನಾಲ್ಕು. ಪಂಕ್ತಿಯಲ್ಲಿ ಎಲೆ ಹದಿಮೂರು.

ಈ ಹದಿಮೂರು ಎಲೆಗೆ ಅನ್ನ ಬಡಿಸಲು ಪಡಿತರ ಸಾಲದೆ ಅತ್ತಿಗೆ ಅಂಗಡಿ ಅಕ್ಕಿಗೆ ಕೈ ಹಾಕಿದರು. 2022 ರ ಜುಲೈ 18 ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡಾ 5 ಜಿಎಸ್‌ಟಿ ಇದೆ, ಆದರೆ 25 ಕಿಲೋವರೆಗಿನ ಚೀಲಕ್ಕೆ ಮಾತ್ರ. ಅಂಗಡಿಗಳಲ್ಲಿ 26 ಕಿಲೋ ಮೂಟೆ ಪ್ರತ್ಯಕ್ಷವಾದದ್ದು ಆಮೇಲೆ. ಎಂ.ಕಾಂ. ಮಾಡಿದ ನಮ್ಮ ಭಾವ "ಇದೇನು, 26 ಅನ್ನೋದು ಯಾವ ಲೆಕ್ಕ?" ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅತ್ತಿಗೆ ಮೂಟೆಯ ಹೊಲಿಗೆ ಬಿಚ್ಚಿ ಮೊರ ಹಿಡಿದು ಕೂತಾಗಿತ್ತು.

ತೆರಿಗೆ ತಪ್ಪಿಸುವುದು ಸಣ್ಣ ವಿದ್ಯೆ. ಮಹಾವಿದ್ಯೆಯೆಂದರೆ ಬಸ್ಸಾರು. ಬೆಂಗಳೂರಿನಿಂದ ಬಂದ ಮಕ್ಕಳ ತಿಳಿವಳಿಕೆಗಾಗಿ ವಿವರಿಸುತ್ತೇನೆ. ಒಂದು ಕಂತೆ ದಂಟಿನ ಸೊಪ್ಪು, ಒಂದೆರಡು ಪಾವು ಹೆಸರುಕಾಳು. ಒಟ್ಟಿಗೆ ಬೇಯಿಸಿ ಬಸಿದರೆ ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು. ಮೇಲುಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ. ಬೆಂದ ಕಾಳಿನಲ್ಲೇ ಒಂದು ಹಿಡಿಯನ್ನು ಖಾರದ ಜೊತೆ ರುಬ್ಬಿಬಿಟ್ಟರೆ ಸಾರು ಗಟ್ಟಿಯಾಗುತ್ತದೆ, ತೆಂಗಿನಕಾಯಿ ಅರ್ಧ ಹೋಳು ಉಳಿಯುತ್ತದೆ. ಹುರುಳಿಕಾಳಿನದು ಇನ್ನೂ ರುಚಿ, ಆದರೆ ಬಿಸಿಲುಗಾಲದಲ್ಲಿ ಹುರುಳಿ ಉಷ್ಣ ಎಂದು ಅಮ್ಮ ತಡೆಯಾಜ್ಞೆ ತಂದಿದ್ದರಿಂದ ಹೆಸರುಕಾಳು, ಅಲಸಂದೆಗಳೇ ಸರದಿಯಲ್ಲಿ ದುಡಿದವು. ಬಸ್ಸಾರಿಗೆ ಮರುದಿನ ರುಚಿ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಅದರ ಮರುದಿನ ಇನ್ನೂ ಹೆಚ್ಚು ಎಂಬುದು ಅತ್ತಿಗೆಯವರ ಸ್ವಂತ ಸಂಶೋಧನೆ. ಸಾರು ತಳ ಕಂಡ ಮೇಲೂ ಮುದ್ದೆ ಮುಂದುವರಿದದ್ದನ್ನು ಈ ಸಭೆ ಕಣ್ಣಾರೆ ಕಂಡಿದೆ.

ಮಜ್ಜಿಗೆಯ ವಿಚಾರಕ್ಕೆ ಬರುತ್ತೇನೆ. 2025 ರ ಏಪ್ರಿಲ್ 1 ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅತ್ತಿಗೆ ಬೆಲೆಯೇರಿಕೆಯನ್ನು ನೀರಿನಿಂದಲೇ ಎದುರಿಸಿದರು. ಬೆಳಿಗ್ಗೆ ಮೊಸರಾಗಿದ್ದದ್ದು ಹತ್ತು ಗಂಟೆಗೆ ಮಜ್ಜಿಗೆ, ಊಟಕ್ಕೆ ನೀರುಮಜ್ಜಿಗೆ. ನಾಲ್ಕು ಗಂಟೆಗೆ ಶುಂಠಿ, ಕೊತ್ತಂಬರಿ, ಇಂಗಿನ ಪರಿಮಳ ಹೊತ್ತ ಬರೀ ನೀರು, ಹೆಸರು ಮಾತ್ರ ಮಜ್ಜಿಗೆಯೇ. ಮಕ್ಕಳು ಅದನ್ನೂ ಲೋಟದ ಮೇಲೆ ಲೋಟ ಏರಿಸಿ "ದೊಡ್ಡತ್ತೆ, ಇನ್ನೊಂದು" ಎಂದವು.

ಅಂಗಡಿ ತಿಂಡಿಯ ವಿಷಯದಲ್ಲಿ ದೊಡ್ಡ ಸಮರವೇ ನಡೆಯಿತು. 2025 ರ ಸೆಪ್ಟೆಂಬರ್ 22 ರಿಂದ ಬಿಸ್ಕತ್ತು, ಕುರುಕಲುಗಳ ಜಿಎಸ್‌ಟಿ ಶೇಕಡಾ 5 ಕ್ಕೆ ಇಳಿದಿದೆ, ಆದ್ದರಿಂದ ದಿನಕ್ಕೊಂದು ಚಿಪ್ಸ್ ಪೊಟ್ಟಣ ಮಂಜೂರು ಮಾಡಬೇಕು ಎಂದು ಏಳನೆಯ ತರಗತಿಯ ನನ್ನ ಸೋದರಳಿಯ ವಾದ ಮಂಡಿಸಿದ. ಅತ್ತಿಗೆ ಬೈಯಲಿಲ್ಲ. ಪೊಟ್ಟಣದ ಹಿಂಬದಿಯ ತೂಕ ಓದಿಸಿದರು. "ಹತ್ತು ರೂಪಾಯಿಗೆ 25 ಗ್ರಾಂ ಅಂತಲೇ ಇಟ್ಕೊ. ಕಿಲೋಗೆ ಎಷ್ಟಾಯ್ತು?" ಹುಡುಗ ಬೆರಳೆಣಿಸಿ ನಾನೂರು ಎಂದ. "ತರಕಾರಿಯವನು ಆಲೂಗಡ್ಡೆ ಕಿಲೋಗೆ ನಾನೂರು ಅಂದ್ರೆ ನಾವು ಏನು ಮಾಡ್ತೀವಿ?" ಪೊಲೀಸರನ್ನು ಕರೀತೀವಿ ಎಂದ. ಆ ಸಂಜೆಯಿಂದ ಸೇರಿನಲ್ಲಿ ಅಳೆದು ತಂದ ಕಡ್ಲೆಪುರಿ, ಅದಕ್ಕೆ ಕರಿಬೇವು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ. ಬೆಳಿಗ್ಗೆ ರಾಗಿ ಹುರಿಹಿಟ್ಟಿಗೆ ಬೆಲ್ಲ. ಗಣಿತವೂ ಪಾಸಾಯಿತು, ಹೊಟ್ಟೆಯೂ ತುಂಬಿತು.

ಮಾವಿನ ಹಣ್ಣಿಗೆ ಅತ್ತಿಗೆ ಯುಗಾದಿಯಲ್ಲಿ ಮರುಳಾಗಲಿಲ್ಲ. ಶ್ರೀನಿವಾಸಪುರ, ರಾಮನಗರದ ಕಡೆಯ ಹಣ್ಣು ಮೇ ತಿಂಗಳಲ್ಲಿ ರಾಶಿ ಬೀಳುವ ತನಕ ಮಾವಿನಕಾಯಿ ಚಿತ್ರಾನ್ನದಲ್ಲೇ ತಳ್ಳಿದರು. ಆಮೇಲೆ ರಸಪುರಿ ತಂದರೂ ಹೋಳು ಕೊಯ್ದು ಹಂಚುವ ದುಂದುವೆಚ್ಚಕ್ಕೆ ಇಳಿಯಲಿಲ್ಲ. ಹಿಂಡಿ, ಬೆಲ್ಲ, ಏಲಕ್ಕಿ, ಹಾಲು ಬೆರೆಸಿ ಸೀಕರಣೆ ಮಾಡಿದರು. ನಾಲ್ಕು ಹಣ್ಣು ಮನೆ ಮಂದಿಗೆಲ್ಲ ಮುಟ್ಟಿತು. ವಾಟೆಗಾಗಿ ಮಕ್ಕಳು ಕಿತ್ತಾಡಿದ್ದು ಬೇರೆ ಮಾತು.

ದೇವರಾಜ ಮಾರುಕಟ್ಟೆಗೆ ಅವರು ಹೋಗುವುದು ಸಂಜೆ ಇಳಿದ ಮೇಲೆ, ಕಿಲೋ ಲೆಕ್ಕ ಮುಗಿದು ಗುಡ್ಡೆ ಲೆಕ್ಕ ಶುರುವಾದ ಹೊತ್ತಿಗೆ. ಕೊಸರು ಇಲ್ಲದೆ ಚೀಲದ ಬಾಯಿ ಕಟ್ಟಿದವರಲ್ಲ. ಇತ್ತ ನಮ್ಮ ಭಾವ ಉಳಿತಾಯಕ್ಕೆ ತಾವೂ ಕೈ ಜೋಡಿಸುವೆನೆಂದು ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆಪ್‌ನಲ್ಲಿ ಕರಿಬೇವು ತರಿಸಿದರು. ಕರಿಬೇವಿಗಿಂತ ಅದನ್ನು ತಂದವರ ಶುಲ್ಕ ಹೆಚ್ಚಾಗಿತ್ತು. ಹಿತ್ತಲಲ್ಲಿ ಕರಿಬೇವಿನ ಮರವಿದೆ ಎಂದು ಅವರಿಗೆ ತೋರಿಸಿದ್ದು ಆಮೇಲೆ.

ಇನ್ನು ತಾರಸಿಯ ಮೇಲಿನ ಕಾರ್ಖಾನೆ. ಮಿಕ್ಕಿದ ಅನ್ನ ಅರೆದು ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ, ಉದ್ದಿನ ಹಪ್ಪಳ. ಬಿಸಿಲಿಗೆ ಬಿಲ್ಲು ಬರುವುದಿಲ್ಲವಾದ್ದರಿಂದ ಮೈಸೂರಿನ ಏಪ್ರಿಲ್ ಅಷ್ಟನ್ನೂ ಅತ್ತಿಗೆ ಬಳಸಿಕೊಂಡರು. ಬೆಳಿಗ್ಗೆ ಐದಕ್ಕೆ ಹಿಟ್ಟು ಕಾಸಬೇಕು, ಬಿಸಿಲೇರುವ ಮೊದಲು ಇಡಬೇಕು, ಮಧ್ಯಾಹ್ನ ಮಗುಚಬೇಕು, ಸಂಜೆ ಮಳೆ ಬಂದರೆ ಓಡಬೇಕು. ಕಾಗೆ ಕಾಯಲು ನೇಮಿಸಿದ ಮಕ್ಕಳು ಕಾಗೆಗಿಂತ ಹೆಚ್ಚು ಹಸಿ ಸಂಡಿಗೆ ತಿಂದದ್ದು ದಾಖಲೆಯಲ್ಲಿದೆ.

ದಾಖಲೆ ಎಂದಾಗ ನೆನಪಾಯಿತು. ನಾನೂ ಭಾವನೂ ಇರುವ ಲೆಕ್ಕ ತಪಾಸಣಾ ಸಮಿತಿ ಅತ್ತಿಗೆಯ ದಿನಸಿ ಪುಸ್ತಕವನ್ನು ಕೂಲಂಕಷವಾಗಿ ನೋಡಿತು. ಎರಡು ಆಕ್ಷೇಪಗಳಿವೆ. ಅರೆದ, ರುಬ್ಬಿದ, ಬಸಿದ, ಒಣಗಿಸಿದ ಕೂಲಿ ಯಾವ ಪುಟದಲ್ಲೂ ಕಾಣುವುದಿಲ್ಲ. ಬರೆದಿದ್ದರೆ ಉಳಿತಾಯವೆಲ್ಲ ತೊಳೆದುಹೋಗುತ್ತಿತ್ತು, ಆದ್ದರಿಂದ ಬರೆಯದಿರುವುದೇ ಮನೆಗೆ ಕ್ಷೇಮ ಎಂದು ಸಮಿತಿ ಅಭಿಪ್ರಾಯಪಟ್ಟಿದೆ. ಎರಡನೆಯದು, ಸೀಕರಣೆ, ಮೊಟ್ಟೆ, ಹಪ್ಪಳಗಳನ್ನು ತಲಾ ಲೆಕ್ಕ ಹಾಕಿದರೆ ಹನ್ನೆರಡು ಎಲೆಗೆ ಮಾತ್ರ ಹೊಂದುತ್ತದೆ. ಹದಿಮೂರನೆಯ ಎಲೆಯ ಬಗ್ಗೆ ಅತ್ತಿಗೆಯವರನ್ನು ವಿಚಾರಿಸಲಾಗಿ "ನಂಗೆ ಮಾವಿನಹಣ್ಣು ಅಷ್ಟಾಗಿ ಸೇರಲ್ಲ" ಎಂದು ಹೇಳಿಕೆ ಕೊಟ್ಟರು. ಮದುವೆಯಾದ ಹೊಸದರಲ್ಲಿ ಒಂದೇ ಕೂತಲ್ಲಿ ಆರು ರಸಪುರಿ ಮುಗಿಸುತ್ತಿದ್ದರು ಎಂದು ಅಣ್ಣ ಸಾಕ್ಷಿ ನುಡಿದಿದ್ದಾರೆ. ಸಮಿತಿ ಊಟದ ಹೊತ್ತಾಯಿತೆಂದು ವಿಚಾರಣೆ ಮುಂದೂಡಿ, ಎರಡು ಸಲ ಸೀಕರಣೆ ಹಾಕಿಸಿಕೊಂಡು, ಆಕ್ಷೇಪವನ್ನು ಕೈಬಿಟ್ಟಿದೆ.

ಆದಕಾರಣ ‘ಕೊಸರು ಕೇಸರಿ’, ‘ಬಸ್ಸಾರು ಭಾರತಿ’, ‘ನೀರುಮಜ್ಜಿಗೆ ನಿಪುಣೆ’ ಎಂಬ ಬಿರುದುಗಳನ್ನು ಅತ್ತಿಗೆಯವರಿಗೆ ಸಮಸ್ತ ನೆಂಟರ ಪರವಾಗಿ ಸಮರ್ಪಿಸುತ್ತೇನೆ. ಬಿರುದಿಗೆ ಖರ್ಚಿಲ್ಲವಾದ್ದರಿಂದ ಧಾರಾಳವಾಗಿ ಕೊಟ್ಟಿದ್ದೇವೆ. ಅವರು ಎರಡು ಮಾತಾಡಬೇಕೆಂದು ಕಾರ್ಯಕ್ರಮದಲ್ಲಿತ್ತು. ನಮ್ಮ ದಾರಿ ಬುತ್ತಿಗೆ ಪುಳಿಯೋಗರೆ ಕಲಸುತ್ತಿರುವುದರಿಂದ ಅದನ್ನು ಕೈಬಿಡಲಾಗಿದೆ.

ಕಡೆಯದಾಗಿ ಒಂದು ಪ್ರಕಟಣೆ. ಉಳಿದ ದುಡ್ಡು ಸಾಸಿವೆ ಡಬ್ಬಿಯಲ್ಲಿದೆ ಎಂಬುದು ಇಲ್ಲಿ ಯಾರಿಗೂ ಗುಟ್ಟಲ್ಲ. ಅದು ಜೂನ್ ತಿಂಗಳ ನೋಟುಬುಕ್ಕು, ಚೀಲ, ಕೊಡೆಗಳಿಗೆಂದು ಇಟ್ಟದ್ದು; ಭಾವ ಅದರಿಂದ ಟ್ಯಾಕ್ಸಿ ಬಾಡಿಗೆಗೆ ಕೈಗಡ ಕೇಳಬಾರದು. ಬದಲಿಗೆ ಬಾಗಿಲ ಬಳಿ ನನ್ನ ತಂಗಿ ಮುಯ್ಯಿ ಪುಸ್ತಕ ಹಿಡಿದು ಕೂತಿದ್ದಾಳೆ. ಚಪ್ಪಲಿ ಮೆಟ್ಟುವ ಮೊದಲು ಎಲ್ಲರೂ ಹೆಸರು, ಊರು, ತಿಂದ ತಲೆಗಳ ಸಂಖ್ಯೆ ಹೇಳಿ ಮೊತ್ತ ಬರೆಸಿ. ನಗದೂ ನಡೆಯುತ್ತದೆ, ಯುಪಿಐಯೂ ನಡೆಯುತ್ತದೆ. ಬಿಸ್ಕತ್ತಿನ ಪೊಟ್ಟಣವನ್ನು ಮುಯ್ಯಿಯಾಗಿ ಸ್ವೀಕರಿಸಲಾಗುವುದಿಲ್ಲ. ದಸರೆಗೆ ಬರುವವರು 26 ಕಿಲೋ ಮೂಟೆಯೊಂದಿಗೆ ಬನ್ನಿ.