ಒಬ್ರೇನಾ? ಹಾಗಾದ್ರೆ ಸ್ವಲ್ಪ ಆ ಕಡೆ ಹೋಗಿ

ಮೊದಲ ಸಲ ಒಬ್ಬರೇ ದೂರದ ರೈಲು ಹತ್ತುವವರಿಗೆ ಮನೆಯವರು ಮಾಡುವ ಪಾಠದಲ್ಲಿ ಕಳ್ಳರಿರುತ್ತಾರೆ, ಬಿಸ್ಕತ್ತಿಗೆ ಮತ್ತಿನ ಔಷಧಿ ಬೆರೆಸುವವರಿರುತ್ತಾರೆ, ನೀರಿಗೆಂದು ಇಳಿದಾಗ ಬಿಟ್ಟುಹೋಗುವ ಗಾಡಿಯಿರುತ್ತದೆ. ಸೂಟ್‌ಕೇಸಿಗೆ ಸರಪಳಿ, ಸರಪಳಿಗೆ ಬೀಗ. ಊರಿಗೆಲ್ಲ ಸಾಲುವಷ್ಟು ಚಪಾತಿ, ಚಟ್ನಿಪುಡಿ. ನಿಜವಾದ ಅಪಾಯದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ಮರ್ಯಾದಸ್ಥ ಸಂಸಾರವೊಂದರ ರೂಪದಲ್ಲಿ ನಗುನಗುತ್ತಾ ಬಂದು ಕೇಳುತ್ತದೆ: "ಒಬ್ರೇನಾ?"

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸನ್ನೇ ತೆಗೆದುಕೊಳ್ಳಿ. ಸಂಜೆ ಹೊರಟರೆ ಎರಡು ರಾತ್ರಿ, ನಡುವೆ ಒಂದಿಡೀ ಹಗಲು. (ಹೆಸರಿಗೆ ಕರ್ನಾಟಕ. ಬೆಂಗಳೂರು ಬಿಟ್ಟು ಆಂಧ್ರಕ್ಕೆ ನುಗ್ಗಿ, ಸರಿರಾತ್ರಿಯಲ್ಲಿ ರಾಯಚೂರಿಗೆ ಬಂದು, ಕಲಬುರಗಿ ದಾಟಿ ಸೊಲ್ಲಾಪುರದ ಹಾದಿ ಹಿಡಿಯುತ್ತದೆ. ನಮ್ಮ ನಾಯಕರೂ ಕಲ್ಯಾಣ ಕರ್ನಾಟಕವನ್ನು ಹೀಗೇ ನಿದ್ದೆಗಣ್ಣಲ್ಲಿ ಹಾದುಹೋಗುವವರೇ.) ನೀವು 60 ದಿನ ಮೊದಲು, ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುವುದನ್ನೇ ಕಾದು ಕೂತು, ಬೋಗಿಯ ನಡುವಿನ 33ನೇ ನಂಬರಿನ ಲೋವರ್ ಬರ್ತ್ ಗಿಟ್ಟಿಸಿದ್ದೀರಿ. ಅಮ್ಮನ ಸಮಾಧಾನಕ್ಕೆ 45 ಪೈಸೆಯ ವಿಮೆಯನ್ನೂ ಮಾಡಿಸಿದ್ದೀರಿ. ಜೀವ ಹೋದರೆ 10 ಲಕ್ಷ ಸಿಗುತ್ತದೆ. ಬರ್ತ್ ಹೋದರೆ ಏನೂ ಇಲ್ಲ.

ಬರ್ತ್ ಹೋಗುವುದಕ್ಕೆ ಯಲಹಂಕ ದಾಟುವಷ್ಟು ಹೊತ್ತೂ ಬೇಡ. "ಒಬ್ರೇ ಅಲ್ವಾ ಸಾರ್, ನಮ್ಮ ಮನೆಯವರದ್ದು ಎಸ್‌-6ರಲ್ಲಿ ಬಂದುಬಿಟ್ಟಿದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಆ ಮನೆಯವರು ಆಗಲೇ ಇಲ್ಲಿ ಬಂದು ಕೂತು, ನಿಮ್ಮ ಕಿಟಕಿಗೆ ಮೊಣಕೈ ಊರಿ, ಕೋಡುಬಳೆ ಡಬ್ಬಿ ಬಿಚ್ಚಿದ್ದಾರೆ. ಹಾಗಾಗಿ ಅದು ಕೇಳಿಕೆಯಲ್ಲ, ತಿಳಿವಳಿಕೆ ಪತ್ರ. ನೀವು ಸರಪಳಿ ಬಿಚ್ಚಿಕೊಂಡು, ಕಾರಿಡಾರಿನಲ್ಲಿ ಚಹಾದವನೊಂದಿಗೆ ಗುದ್ದಾಡುತ್ತಾ ಎಸ್‌-6ಕ್ಕೆ ಹೋಗುತ್ತೀರಿ. ಅಲ್ಲಿಯ ಮಿಡಲ್ ಬರ್ತಿನ ಕೆಳಗೆ ಇನ್ನೊಂದು ಸಂಸಾರ ಕಾಯುತ್ತಿದೆ. "ಅಕೇಲೇ ಹೈಂ ನಾ ಭಾಯಿಸಾಬ್?" ಹೀಗೆ ಸಂಸಾರದಿಂದ ಸಂಸಾರಕ್ಕೆ ವರ್ಗವಾಗುತ್ತಾ, ಕೊನೆಗೆ 80ನೇ ನಂಬರಿನ ಸೈಡ್ ಅಪ್ಪರ್‌ನಲ್ಲಿ, ಶೌಚಾಲಯದ ಗೋಡೆಗೆ ಅಂಟಿಕೊಂಡು ಮಲಗುತ್ತೀರಿ. ಅದರಾಚೆಗೆ ಬೋಗಿಯೇ ಇಲ್ಲವಾದ್ದರಿಂದ ಅಲ್ಲಿಗೆ ನಿಲ್ಲುತ್ತದೆ.

ನಮ್ಮ ಜನರ ಲೆಕ್ಕದಲ್ಲಿ ಒಬ್ಬರೇ ಇರುವವರಿಗೆ ಬೆನ್ನಿಲ್ಲ, ಮೊಣಕಾಲಿಲ್ಲ, ನಿದ್ದೆಯೂ ಇಲ್ಲ. ಅವೆಲ್ಲ ಮದುವೆಯಾದ ಮೇಲೆ ಬರುವ ಅಂಗಗಳು. ಹೆಣ್ಣುಮಗಳಾದರೆ ಇನ್ನೂ ಸೊಗಸು. "ಒಬ್ಬಳೇನಾ? ಕಾಲ ಸರಿಯಿಲ್ಲ, ಮನೇಲಿ ಹೇಗಮ್ಮಾ ಕಳಿಸಿದ್ರು?" ಎಂದು ಕೆನ್ನೆಗೆ ಕೈ ಹಚ್ಚಿದ ಆಂಟಿಯೇ ಎರಡು ನಿಮಿಷ ಬಿಟ್ಟು, ಗಂಡಸರೇ ತುಂಬಿರುವ ಇನ್ನೊಂದು ಬೋಗಿಯ ಅಪ್ಪರ್ ಬರ್ತಿಗೆ ಆಕೆಯನ್ನು ಸಾಗಹಾಕಲು ನೋಡುತ್ತಾರೆ. ಮಗನ ಪಕ್ಕ ಮಲಗದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಮಗನಿಗೆ ಮೀಸೆ ಬಂದಿದೆ.

ಹಾಗೆಂದು ಪಾಪ, ಆಂಟಿಯನ್ನೇ ಬೈದು ಏನು ಪ್ರಯೋಜನ? 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ರೈಲ್ವೆಯಲ್ಲಿ ಲೋವರ್ ಬರ್ತಿನ ಕೋಟಾ ಇದೆ. ಆದರೆ ಒಂದು ಷರತ್ತು: ಅವರು ಒಬ್ಬರೇ ಹೋಗಬೇಕು, ಇಲ್ಲವೇ ಅಂಥವರೇ ಇಬ್ಬರು ಒಂದು ಟಿಕೆಟ್ಟಿನಲ್ಲಿರಬೇಕು. ಮಗ ಅಕ್ಕರೆಯಿಂದ ಎಲ್ಲರನ್ನೂ ಸೇರಿಸಿ ಒಂದೇ ಟಿಕೆಟ್ ಮಾಡಿಸಿದನೋ, ಅಜ್ಜಿಯ ಕೋಟಾ ಹೋಯಿತು. ಅಜ್ಜಿಗೆ ಅಪ್ಪರ್ ಬರ್ತ್, ಮೊಮ್ಮಗನಿಗೆ ಪಕ್ಕದ ಬೋಗಿ ಬಂದರೆ ಕಂಪ್ಯೂಟರಿಗೆ ನಾಚಿಕೆಯಿಲ್ಲ. ಹಿರಿಯ ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50ರಷ್ಟಿದ್ದ ದರದ ರಿಯಾಯಿತಿಯನ್ನೂ 2020ರ ಮಾರ್ಚ್‌ನಲ್ಲಿ, ಕೊರೊನಾ ನೆಪದಲ್ಲಿ, ನಿಲ್ಲಿಸಲಾಯಿತು. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಆರ್‌ಎಸಿ ಎಂಬ ಇನ್ನೊಂದು ಧರ್ಮಕಾರ್ಯವಿದೆ: ಇಬ್ಬರಿಂದಲೂ ಪೂರ್ತಿ ದರ ವಸೂಲು ಮಾಡಿ, ಒಂದೇ ಸೈಡ್ ಲೋವರ್‌ನಲ್ಲಿ ಎದುರುಬದುರು ಕೂರಿಸಿ, ಒಬ್ಬರ ಪಾದ ಇನ್ನೊಬ್ಬರ ಮಡಿಲಿಗಿಡುವುದು. ಇಷ್ಟೆಲ್ಲ ಹರಿದುಹಾಕಿದ ಮೇಲೆ ಹೊಲಿದುಕೊಡುವವರು ಯಾರಾದರೂ ಬೇಕಲ್ಲ? ಆ ಕೆಲಸಕ್ಕೆ ಸಂಬಳವಿಲ್ಲದೆ ನೇಮಕವಾದವರೇ ಒಂಟಿ ಪ್ರಯಾಣಿಕರು. ರೈಲ್ವೆ ಮಂಡಳಿಯ ಪಾಪವನ್ನು 33ನೇ ಬರ್ತಿನವರು ತೊಳೆಯಬೇಕು. ತೊಳೆಯದಿದ್ದರೆ ಮನುಷ್ಯತ್ವ ಇಲ್ಲದವರು ಎಂದು ಭೋಪಾಲಿನವರೆಗೂ ಕೇಳಿಸಿಕೊಳ್ಳಬೇಕು.

ಇನ್ನು ನಿಮ್ಮ ವಿಷಯ. ಹತ್ತಲಾಗದ ವಯಸ್ಸಾದವರು, ಬಸುರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಎದುರಿಗಿದ್ದರೆ ಅವರು ಕೇಳುವ ಮೊದಲೇ ಎದ್ದುಬಿಡಿ. ಅದಕ್ಕೆ ಅಂಕಣಕಾರರ ಅಪ್ಪಣೆ ಬೇಕಿಲ್ಲ. ಮೀಸೆ ಬಂದ ಮಗನ ಪಕ್ಕ ಮಲಗಬೇಕಾದವರಿಗೆ ಮಾತ್ರ ಟಿಟಿಇಯನ್ನು ತೋರಿಸಿ. ಖಾಲಿ ಬರ್ತ್ ಎಲ್ಲಿದೆ ಎಂಬುದು ಅವರ ಕೈಲಿರುವ ಯಂತ್ರದಲ್ಲಿರುತ್ತದೆ, ನಿಮ್ಮ ಜೇಬಿನಲ್ಲಲ್ಲ. ಒಬ್ಬರೇ ಹೋಗುತ್ತೀರೆಂದು ನಿಮ್ಮ ಟಿಕೆಟ್ಟಿನಲ್ಲಿ ಯಾರೂ ಒಂದು ರೂಪಾಯಿ ಕಡಿಮೆ ಮಾಡಿಲ್ಲ. ಕೂತಲ್ಲೇ ಕೂತಿರಿ.