ರಾಜೀನಾಮೆ ಪತ್ರ: ಬಳಸುವ ವಿಧಾನ

ಪರಿಚಯ: ನಂಜನಗೂಡಿನ ಬಳಿಯ ತಾಂಡವಪುರದ ಆಸುಪಾಸಿನ ಕಾರ್ಖಾನೆಗಳಲ್ಲಿ ದುಡಿಯುವವರ ಮೊಬೈಲು ಹುಡುಕಿದರೆ ಬಹುತೇಕ ಎಲ್ಲರಲ್ಲೂ ಈ ಪತ್ರದ ಒಂದು ಪ್ರತಿ ಸಿಗುತ್ತದೆ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿ, ‘ವೈಯಕ್ತಿಕ ಕಾರಣಗಳಿಂದ’ ಎಂಬಲ್ಲಿಗೆ ಬಂದು ನಿಂತಿರುತ್ತದೆ. ಮುಂದಕ್ಕೆ ಹೋಗದಿರುವುದು ಪತ್ರದ ದೋಷವಲ್ಲ.

ಶೇಖರಣೆ: ಬಿಸಿ ತಾಗದ ಕಡೆ ಇಡಿ. ಮೂರನೇ ಪಾಳಿ ಮುಗಿಸಿ ಕಣ್ಣುರಿಯುತ್ತಿರುವಾಗ, ಇಂಕ್ರಿಮೆಂಟ್ ಲೆಟರ್ ಕೈಗೆ ಬಂದ ದಿನ, ಸೂಪರ್‌ವೈಸರ್ ಎಲ್ಲರೆದುರು ಏಕವಚನದಲ್ಲಿ ಕೂಗಿದ ಮೇಲೆ ತೆರೆಯಬಾರದು. ನಂಜನಗೂಡಿನ ದೊಡ್ಡ ಜಾತ್ರೆಗೆ ರಜೆ ಸಿಗಲಿಲ್ಲವೆಂದೂ ತೆರೆಯಬೇಡಿ. ಶ್ರೀಕಂಠೇಶ್ವರನ ಐದು ತೇರುಗಳನ್ನು ಮುಂದಿನ ವರ್ಷವೂ ಎಳೆಯುತ್ತಾರೆ.

ಬಳಕೆಗೆ ಮುನ್ನ: ಸೇರಿದ ತಾರೀಖು ನೋಡಿ. ಕಾಯಂ ನೌಕರನಿಗೆ ಐದು ವರ್ಷ ತುಂಬಿದರೆ ಗ್ರಾಚ್ಯುಯಿಟಿ. ಲೆಕ್ಕ ಕಷ್ಟವೇನಲ್ಲ: ಕೊನೆಯ ತಿಂಗಳ ಬೇಸಿಕ್ಕು ಮತ್ತು ಡಿಎ ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿ. 18,000 ರೂಪಾಯಿಯವನಿಗೆ ಐದು ವರ್ಷಕ್ಕೆ 51,923 ಬರುತ್ತದೆ. ನಾಲ್ಕೂಕಾಲು ವರ್ಷಕ್ಕೆ ಸಿಟ್ಟು ಮಾಡಿಕೊಂಡು ಹೊರಟವನಿಗೆ ಸೊನ್ನೆ. ಆ ಸಿಟ್ಟಿನ ಬೆಲೆ ಅರ್ಧ ಲಕ್ಷ. ನಿಗದಿತ ಅವಧಿಗೆ ನೇಮಕವಾದವರಿಗೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯ ಪ್ರಕಾರ, ಒಂದು ವರ್ಷ ಸಾಕು.

ಪಿಂಚಣಿಯದು ಬೇರೆ ಜಾತಿ. ಅದಕ್ಕೆ ಹತ್ತು ವರ್ಷ ಬೇಕು. ಆದರೆ ಒಂದೇ ಕಂಪನಿಯಲ್ಲಿ ಕಳೆಯಬೇಕೆಂದಿಲ್ಲ. ಯುಎಎನ್ ನಂಬರ್ ಜೊತೆಗೆ ಸರ್ವೀಸೂ ಬರುತ್ತದೆ. ತಂಗಿ ಮದುವೆ, ಬೋರ್‌ವೆಲ್ ಎಂದು ಪಿಎಫ್ ಜೊತೆ ಪಿಂಚಣಿ ದುಡ್ಡನ್ನೂ ಕಿತ್ತುಕೊಂಡರೆ ಮಾತ್ರ ಎಣಿಕೆ ಮತ್ತೆ ಒಂದರಿಂದ. ‘ಪಿಂಚಣಿ ಹೋಗುತ್ತೆ’ ಎಂಬ ಹೆದರಿಕೆಯಿಂದಲೇ ಬೇಡದ ಕೆಲಸಕ್ಕೆ ಅಂಟಿಕೊಂಡವರು ಬಹಳ ಜನ. ಅದಕ್ಕೆ ಹೆದರಬೇಕಿಲ್ಲ.

ಬೆಂಗಳೂರಿನ ಆಫರ್ ಬಂದರೆ: ಒಪ್ಪುವ ಮುನ್ನ ಇಎಸ್‌ಐ ಕಾರ್ಡು ಕೈಯಲ್ಲಿ ಹಿಡಿದು ನೋಡಿ. ತಿಂಗಳಿಗೆ 21,000 ದಾಟುವ ಸಂಬಳಕ್ಕೆ ಹೊಸದಾಗಿ ಸೇರಿದವರಿಗೆ ಅದು ಇಲ್ಲ. ಇಲ್ಲಿಯ 19,000 ಬಿಟ್ಟು ಅಲ್ಲಿಯ 23,000ಕ್ಕೆ ಹೋದವರು ರೂಮ್ ಬಾಡಿಗೆ ಕಟ್ಟುತ್ತಾರೆ, ಮನೆಯಿಂದ ಬರುತ್ತಿದ್ದ ಅಕ್ಕಿಯನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ, ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗೆ ಕೈಯಿಂದ ಕೊಡುತ್ತಾರೆ. ಏರಿದ್ದು ನಾಲ್ಕು ಸಾವಿರವೇ ಎಂದು ಕಾಗದದ ಮೇಲೆ ಬರೆದು ಕೂಡಿಸಿ. ನಂತರ ಮನೆಯಲ್ಲಿ ಹೇಳಿ. ಅವ್ವ “ಇರೋದ್ ಬುಟ್ಟು ಎಲ್ಲಿಗ್ಲಾ ಹೊಂಟೆ?” ಅನ್ನುತ್ತಾಳೆ. ಹೆಂಡತಿ ಏನೂ ಅನ್ನುವುದಿಲ್ಲ. ಸಂಘದ ಸಾಲದ ಪುಸ್ತಕ ತಂದು ಟಿವಿ ಮೇಲೆ ಇಡುತ್ತಾಳೆ. ಎರಡನ್ನೂ ಅಭಿಪ್ರಾಯವೆಂದೇ ದಾಖಲಿಸಿಕೊಳ್ಳಿ.

ಅವಧಿ ಮುಗಿಯುವ ದಿನಾಂಕ: ಕಂಪನಿ ಇರುವವರೆಗೆ ಮಾತ್ರ ಈ ಪತ್ರ ಕೆಲಸ ಮಾಡುತ್ತದೆ. ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕಿತ್ತು. ಅಮಿತಾಭ್ ಬಚ್ಚನ್ ಕೋಟು ತೊಟ್ಟು ಜಾಹೀರಾತು ಮಾಡಿದ ರೀಡ್ ಅಂಡ್ ಟೇಲರ್‌ನ ಬಟ್ಟೆ ನೇಯುತ್ತಿದ್ದುದು ಇದೇ ತಾಂಡವಪುರದಲ್ಲಿ. 2018ರಲ್ಲಿ ಆ ಕಂಪನಿಯ ವಿಷಯ ದಿವಾಳಿ ನ್ಯಾಯಮಂಡಳಿಯ ಮೆಟ್ಟಿಲೇರಿತು, ಮರುವರ್ಷ ಆಸ್ತಿ ವಿಲೇವಾರಿಯ ಆದೇಶವಾಯಿತು. ಹೋಗಲೋ ಇರಲೋ ಎಂದು ತೂಗುತ್ತ ಕುಳಿತವರ ಪಾಲಿನ ತೀರ್ಮಾನವನ್ನು ಮುಂಬೈಯಲ್ಲಿ ಯಾರೋ ಮಾಡಿ ಮುಗಿಸಿದ್ದರು. ಇದ್ದುಬಿಡುವುದೂ ಒಂದು ಜೂಜೇ. ಅದಕ್ಕೆ ಅರ್ಜಿ ಬರೆಯಬೇಕಿಲ್ಲವಾದ್ದರಿಂದ ನಮಗೆ ಹಾಗನ್ನಿಸುವುದಿಲ್ಲ.

ಆದ್ದರಿಂದ, ಯಾವ ಕಾರ್ಖಾನೆಯೇ ಇರಲಿ, ತಿಂಗಳಿಗೊಮ್ಮೆ ಪಿಎಫ್ ಪಾಸ್‌ಬುಕ್ ತೆರೆಯಿರಿ. ಸಂಬಳದ ಚೀಟಿಯಲ್ಲಿ ಕಡಿತವಾದದ್ದು ಅಲ್ಲಿ ಜಮೆಯಾಗದಿದ್ದರೆ, ಏಳನೇ ತಾರೀಖಿನ ಸಂಬಳ ಹದಿನೈದಕ್ಕೆ ಜಾರಿದರೆ, ‘ಶೇಖರಣೆ’ ವಿಭಾಗದ ನಿಯಮಗಳೆಲ್ಲ ರದ್ದು. ಐದು ವರ್ಷ ಎಂದು ಕಾಯಬೇಡಿ.

ಬಳಸಿದ ನಂತರ: ರಿಲೀವಿಂಗ್ ಲೆಟರ್ ಪಡೆಯಿರಿ. ಪಿಎಫ್ ಖಾತೆಯಲ್ಲಿ ಬಿಟ್ಟ ತಾರೀಖು ಕಂಪನಿ ನಮೂದಿಸದಿದ್ದರೆ ಎರಡು ತಿಂಗಳ ಮೇಲೆ ನೀವೇ ಆನ್‌ಲೈನಿನಲ್ಲಿ ಹಾಕಬಹುದು. ನೋಟಿಸ್ ಅವಧಿಯಲ್ಲಿ ಕ್ಯಾಂಟೀನ್ ಕೂಪನ್ ಉಳಿಸಬೇಡಿ, ವಾಪಸ್ ತಗೊಳ್ಳುವುದಿಲ್ಲ.