ಕುದಿಯುವ ಕೆಂಪು ಕಾರು

ಭಾವನ ಕೆಂಪು ಸ್ಪೋರ್ಟ್ಸ್ ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಪಾಂಡವಪುರದ ಪ್ರತಿ ಹಂಪ್ಸಿನಲ್ಲೂ ನಾನು ಇಳಿದು ಭಾರ ಕಮ್ಮಿ ಮಾಡಬೇಕು. ಬೇಸಿಗೆಯಲ್ಲೇ ಅದರ ಎಸಿ ಕೈಕೊಟ್ಟಿತು. ಗಾಜು ಇಳಿಸಿದರೆ ಮುಂದಿನ ಟ್ರ್ಯಾಕ್ಟರಿನ ಹುಲ್ಲೆಲ್ಲ ತಲೆಗೆ. ಏರಿಸಿದರೆ ನಾವೇ ಇಡ್ಲಿ.

ಶ್ರೀರಂಗಪಟ್ಟಣದಲ್ಲಿ ಎಸಿಗೆ ಗ್ಯಾಸ್ ತುಂಬಿಸಿದೆವು. ಕೆ.ಆರ್. ಪೇಟೆ ಮುಟ್ಟುವಷ್ಟರಲ್ಲಿ ಮಾಯ! ನಾಗಮಂಗಲದ ಹಿರಿಯ ಮೆಕ್ಯಾನಿಕ್ ನಕ್ಕರು: “ಗ್ಯಾಸ್ ಏನ್ ಪೆಟ್ರೋಲಾ ಸ್ವಾಮಿ, ಉರ್ದು ಖಾಲಿಯಾಗಕ್ಕೆ? ಒಳಗೇ ಸುತ್ತಾಡ್ತಿರ್ತದೆ. ಕಮ್ಮಿಯಾಯ್ತು ಅಂದ್ರೆ ಎಲ್ಲೋ ಸೋರ್ತಾ ಅದೆ.” ಆರ್-134ಎ ಎಂಬ ಆ ಗ್ಯಾಸು ಮೈನಸ್ 26 ಡಿಗ್ರಿಗೇ ಕುದಿಯುತ್ತದಂತೆ. ನಮಗೆ ಅಷ್ಟು ಆತುರವಿರಲಿಲ್ಲ, 38ಕ್ಕೆ ಕುದಿಯುತ್ತಿದ್ದೆವು.

ಕಾರಿನ ಮೂತಿಯಲ್ಲಿರುವ ಎಸಿ ಕಂಡೆನ್ಸರಿಗೆ ಕಲ್ಲು ಬಡಿದು ತೂತಾಗಿತ್ತು. ಹೊಸದು ಬೆಂಗಳೂರಿನಿಂದ ಬರಬೇಕು. ಅಲ್ಲಿಯವರೆಗೆ, ಎಸಿ ಇದೆಯೆಂದು ಊರು ನಂಬಲೆಂದು ಭಾವ ಗಾಜು ಏರಿಸಿಕೊಂಡೇ ಓಡಿಸುತ್ತಾರೆ; ಪಕ್ಕದಲ್ಲಿ ನಾನು ಯಾರಿಗೂ ಕಾಣದಂತೆ ಬೀಸಣಿಗೆ ಬೀಸುತ್ತೇನೆ.